ಮುಳುಗಡೆ ಪರಿಹಾರದ ದುಡ್ಡು: ಅಪ್ಪ-ಅವ್ವನ ಮುಂದಿನ ಜೀವನಕ್ಕೆ ಹೇಗೆ ಇಡಬೇಕು?

ಬೀಳಗಿ ಕಡೆಯವ

ಎಲ್ಲರಿಗೂ ನಮಸ್ಕಾರ. ನಮ್ಮೂರು ಬೀಳಗಿ ತಾಲೂಕಿನಲ್ಲಿ, ಆಲಮಟ್ಟಿ ಹಿನ್ನೀರಿನ ದಂಡೆಗೆ ಇದೆ. ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್‌ನಿಂದ 524.256ಕ್ಕೆ ಏರಿದರೆ ನಮ್ಮ 2 ಎಕರೆ ಖುಷ್ಕಿ (ಮಳೆ ನಂಬಿದ) ಹೊಲ ಪೂರ್ತಿ ನೀರಿಗೆ ಹೋಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಹೇಳಿದ ದರ ಖುಷ್ಕಿ ಎಕರೆಗೆ 30 ಲಕ್ಷ. ಅಂದರೆ 60 ಲಕ್ಷ.

ದುಡ್ಡು ಇನ್ನೂ ಕೈಗೆ ಬಂದಿಲ್ಲ. ಆದರೆ ಮನೆಗೆ ಜನ ಬರೋಕೆ ಶುರುವಾಗಿದೆ. ಸೊಸೈಟಿಯವರು ನೂರಕ್ಕೆ 11 ಬಡ್ಡಿ ಕೊಡ್ತೀವಿ ಅಂತಾರೆ. ಒಬ್ಬ ಏಜೆಂಟರು ವರ್ಷಕ್ಕೆ 5 ಲಕ್ಷದಂತೆ 10 ವರ್ಷ ಕಟ್ಟುವ ವಿಮೆ ತಂದಿದ್ದಾರೆ. ಅಪ್ಪನಿಗೆ 63, ಅವ್ವನಿಗೆ 56. ಪಿಂಚಣಿ ಇಲ್ಲ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಕೆಲಸದಲ್ಲಿದ್ದೇನೆ. ಅವರಿಬ್ಬರಿಗೆ ತಿಂಗಳಿಗೆ 20 ಸಾವಿರ ಬಂದರೆ ಸಾಕು. ಅಪ್ಪ ಮಾತ್ರ "ಹೊಲ ಹೋದ ಮ್ಯಾಲ ಮತ್ತ ಹೊಲಾನ ಹಿಡೀಬೇಕು" ಅಂತ ಪಟ್ಟು ಹಿಡಿದಿದ್ದಾರೆ. ಏನು ಮಾಡಲಿ?

ನವನಗರ, ನಿವೃತ್ತ ಅಂಚೆ ನೌಕರ

ತಮ್ಮಾ, ದುಡ್ಡು ಬರೋ ಮೊದಲೇ ಕೇಳಿದ್ದು ಒಳ್ಳೇದಾಯ್ತು. ಹಳೇ ಬಾಗಲಕೋಟೆ ಮುಳುಗಿದಾಗ ಪರಿಹಾರ ತಗೊಂಡ ಮನೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮದುವೆ, ಬಂಗಾರ, ಗಾಡಿ, ಕೈಗಡ. ಯಾರೂ ದುಂದುಗಾರರಲ್ಲ. ಒಂದೇ ಸಲ ಅಷ್ಟು ದುಡ್ಡು ಬಂದಾಗ ತಿಂಗಳ ಖರ್ಚಿನ ದಾರಿ ಯಾವುದು ಅಂತ ಹೇಳಿಕೊಡುವವರು ಅವರಿಗೆ ಇರಲಿಲ್ಲ. ಹಾಗಾಗಿ ನಿನಗೆ ವಿವರವಾಗಿ ಬರೀತೇನೆ.

ಮೊದಲು ಆ 11ರ ಬಡ್ಡಿ. ನಮ್ಮ ಕಡೆ ಬ್ಯಾಂಕು, ಸೊಸೈಟಿ ಎರಡೂ ಒಂದೇ ಅಂತ ಜನ ತಿಳಿದಿದ್ದಾರೆ. ಒಂದೇ ಅಲ್ಲ. ರಾಷ್ಟ್ರೀಕೃತ ಬ್ಯಾಂಕಾಗಲಿ, ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಸಹಕಾರಿ ಬ್ಯಾಂಕಾಗಲಿ ಮುಳುಗಿದರೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಮೊದಲು 1 ಲಕ್ಷ ಇತ್ತು, 2020ರ ಫೆಬ್ರವರಿಯಲ್ಲಿ ಏರಿಸಿದರು. ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿ, ಇವಕ್ಕೆ ಆ ವಿಮೆ ಒಂದು ರೂಪಾಯಿಯೂ ಇಲ್ಲ. ನಮ್ಮ ಓಣಿಯಲ್ಲಿ ಒಂದು ಸೊಸೈಟಿ ಬಾಗಿಲು ಹಾಕಿತು. ಠೇವಣಿ ಇಟ್ಟಿದ್ದ ಮುದುಕರು ರಸೀದಿ ಹಿಡಿದು ಇನ್ನೂ ಅಲೆಯುತ್ತಿದ್ದಾರೆ. ನೆನೆದರೆ ಹೊಟ್ಟೆ ಉರಿಯುತ್ತದೆ. ಎಲ್ಲ ಸೊಸೈಟಿಯೂ ಹಾಗಲ್ಲ, ಆದರೆ ನಿನ್ನ ಅಪ್ಪನ ವಯಸ್ಸಿನಲ್ಲಿ ಹೋದ ದುಡ್ಡನ್ನು ಮತ್ತೆ ದುಡಿಯೋಕೆ ಆಗೋದಿಲ್ಲ.

ಈಗ ಅಂಚೆ ಕಚೇರಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 60 ದಾಟಿದವರು 30 ಲಕ್ಷದವರೆಗೆ ಇಡಬಹುದು. ಬಡ್ಡಿ ಈಗ ನೂರಕ್ಕೆ 8.2. ಖಾತೆ ತೆರೆದ ದಿನದ ದರವೇ 5 ವರ್ಷ ನಿಲ್ಲುತ್ತದೆ. ಅಪ್ಪನ ಹೆಸರಿನಲ್ಲಿ 30 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ತಿಂಗಳಿಗೆ 20,500 ಬಿತ್ತು. ಅವ್ವನಿಗೆ 60 ಆಗಿಲ್ಲ, ಆದರೂ ಆಕೆಯನ್ನು ಆ ಖಾತೆಗೆ ಜಂಟಿಯಾಗಿ ಸೇರಿಸಬಹುದು, ಸೇರಿಸು. ಜೊತೆಗೆ ಅವ್ವನದೇ ಹೆಸರಿನಲ್ಲಿ ಮಾಸಿಕ ಆದಾಯ ಯೋಜನೆಗೆ 9 ಲಕ್ಷ ಹಾಕು. ನೂರಕ್ಕೆ 7.4ರಂತೆ ತಿಂಗಳಿಗೆ 5,550 ಆಕೆಯ ಖಾತೆಗೇ ಬರುತ್ತದೆ. ದವಾಖಾನೆಗೆ, ಆಪತ್ತಿಗೆ ಅಂತ 6 ಲಕ್ಷ ಎರಡು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಹಂಚಿ ಎಫ್‌ಡಿ ಇರಲಿ. ಒಂದೇ ದೊಡ್ಡ ಎಫ್‌ಡಿ ಬೇಡ, ಲಕ್ಷ ಲಕ್ಷದ ತುಂಡು ಮಾಡು. ಬೇಕಾದಾಗ ಒಂದನ್ನು ಮುರಿದರೆ ಆಯ್ತು.

ಉಳಿದದ್ದು 15 ಲಕ್ಷ. ಇದೇ ಮುಖ್ಯ ಅಂತೇನೆ ನಾನು. ಅವ್ವ ಇನ್ನೂ 30 ವರ್ಷ ಬಾಳಬೇಕಲ್ವಾ? ಬೆಲೆ ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೂ 12 ವರ್ಷಕ್ಕೆ ಎರಡು ಪಟ್ಟಾಗುತ್ತದೆ. ಇವತ್ತಿನ 20 ಸಾವಿರದ ಸಂತೆ ಆಗ 40 ಸಾವಿರ. ಬಡ್ಡಿ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಅವ್ವನ ಹೆಸರಿನಲ್ಲಿ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ತೆರೆದು ವರ್ಷಕ್ಕೆ 1.5 ಲಕ್ಷದವರೆಗೆ ಕಟ್ಟು, 15 ವರ್ಷ, ಈಗ ನೂರಕ್ಕೆ 7.1. ಇನ್ನೊಂದು 6-7 ಲಕ್ಷವನ್ನು ನಿಫ್ಟಿ ಇಂಡೆಕ್ಸ್ ಫಂಡಿಗೆ (ದೇಶದ 50 ದೊಡ್ಡ ಕಂಪನಿಗಳ ಷೇರಿನಲ್ಲಿ ದುಡ್ಡು ಹಾಕುವ ಫಂಡು) ಎರಡು-ಮೂರು ವರ್ಷ ತಿಂಗಳು ತಿಂಗಳು ಹಾಕುತ್ತಾ ಹೋಗು. ಆ ದುಡ್ಡಿಗೆ 10 ವರ್ಷ ಕೈ ಹಾಕುವ ಹಾಗಿಲ್ಲ. 2020ರ ಜನವರಿಯಿಂದ ಮಾರ್ಚ್‌ವರೆಗೆ ನಿಫ್ಟಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬಿದ್ದಿತ್ತು. ನವೆಂಬರ್ ಹೊತ್ತಿಗೆ ಮತ್ತೆ ಮೇಲೆ ಬಂತು. ಮಾರ್ಚ್‌ನಲ್ಲಿ ಹೆದರಿ ಮಾರಿದವರಿಗೆ ಮಾತ್ರ ಆ ನಷ್ಟ ನಿಂತುಬಿಟ್ಟಿತು.

ವಿಮೆ ಏಜೆಂಟರಿಗೆ ಬೇಡ ಅನ್ನು. ಪಗಾರ ಇಲ್ಲದ 63ರ ಮನುಷ್ಯನಿಗೆ 10 ವರ್ಷದ ಕಂತು ಯಾಕೆ?

ಜಮಖಂಡಿ ಅಕ್ಕ

ನವನಗರದ ಕಾಕಾ ಹೇಳಿದ್ದು ಸರಿ ಇದೆ. ಆದರೆ ಆ 60 ಲಕ್ಷ ಪೂರ್ತಿ ಅಪ್ಪನದೇನಾ, ಅದನ್ನು ಮೊದಲು ನೋಡಿ. ಹೊಲ ಪಿತ್ರಾರ್ಜಿತ ಇದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಹೆಣ್ಣುಮಕ್ಕಳಿಗೂ ಸಮಪಾಲು. ನಿಮಗೆ ಅಕ್ಕ-ತಂಗಿ ಇದ್ದರೆ ದುಡ್ಡು ಬರುವ ಮೊದಲೇ ಕೂರಿಸಿ ಮಾತಾಡಿ. ಸುಮ್ನೆ ಒಂದು ಸಹಿ ಹಾಕು ಅಂತ ಕರೆಸಬೇಡಿ. ನಾನೂ ಒಬ್ಬ ತಂಗಿ, ಅದಕ್ಕೇ ಹೇಳುತ್ತಿದ್ದೇನೆ.

ಬೀಳಗಿ ಕಡೆಯವ

ಅಕ್ಕಾರೆ, ಒಬ್ಬಳು ತಂಗಿ ಇದ್ದಾಳೆ, ಮುಧೋಳಕ್ಕೆ ಕೊಟ್ಟಿದ್ದೇವೆ. ಈ ಭಾನುವಾರವೇ ಹೋಗಿ ಮಾತಾಡ್ತೇನೆ. ಕಾಕಾ, ತೆರಿಗೆ ಏನಾದರೂ ಬರುತ್ತಾ? ಮತ್ತೆ ಅಪ್ಪನ ಹೊಲದ ಮಾತು?

ತಿಕೋಟಾ ದ್ರಾಕ್ಷಿ

ಹೊಲದ ಬಗ್ಗೆ ನಾನು ಹೇಳ್ತೇನೆ. ಪರಿಹಾರ ಬರುವ ಸುದ್ದಿ ಹಬ್ಬಿದ ಕಡೆ ಸುತ್ತಲಿನ ಹೊಲದ ರೇಟು ಮೊದಲೇ ಏರಿರುತ್ತದೆ. ಒಂದು ವರ್ಷ ಬೇರೆಯವರ ಹೊಲ ಲಾವಣಿಗೆ (ಗುತ್ತಿಗೆಗೆ) ಹಿಡಿದು ಮಾಡಿ ನೋಡಲಿ. ಬೇಸಿಗೆಯಲ್ಲಿ ಬೋರಿಗೆ ನೀರು ಇರುತ್ತಾ, ಅಪ್ಪನ ಮೈಗೆ ಕೆಲಸ ಆಗುತ್ತಾ, ಎರಡೂ ಗೊತ್ತಾಗುತ್ತದೆ. ಆಮೇಲೆ ಕೊಳ್ಳೋದಾದರೆ ಉತಾರ (ಪಹಣಿ), ಬೋಜಾ (ಹೊಲದ ಮೇಲಿನ ಸಾಲ) ಎರಡೂ ನೋಡಿಯೇ ಇಸಾರ (ಮುಂಗಡ) ಕೊಡಿ.

ನವನಗರ, ನಿವೃತ್ತ ಅಂಚೆ ನೌಕರ

ಲಾವಣಿ ಮಾತು ನನಗೂ ಒಪ್ಪಿಗೆ. ಅಪ್ಪನಿಗೆ ಹೊಲ ಬೇಡ ಅನ್ನಬೇಡ ತಮ್ಮಾ, ಮನುಷ್ಯ ಕುಗ್ಗಿ ಹೋಗುತ್ತಾನೆ. ಕೊಂಡರೂ ಆ 15 ಲಕ್ಷದೊಳಗೆ ಬರಲಿ, ತಿಂಗಳ ಆದಾಯಕ್ಕೆಂದು ಇಟ್ಟ 30 + 9, ಒಟ್ಟು 39 ಲಕ್ಷ ಮುಟ್ಟಬೇಡಿ. ತಂಗಿಯ ಪಾಲು ಹೋದರೆ ಮೊದಲು ಈ 15 ಲಕ್ಷ ಕಡಿಮೆ ಮಾಡಿ ಲೆಕ್ಕ ಹಾಕು.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಿಗುವ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ, 96ನೇ ಕಲಂ ನೋಡು. ಅದನ್ನು ಇಟ್ಟು ಬರುವ ಬಡ್ಡಿ ಮಾತ್ರ ಆದಾಯದ ಲೆಕ್ಕಕ್ಕೆ ಸೇರುತ್ತದೆ. ಪರಿಹಾರ ಜಮಾ ಆಗುವ ಖಾತೆಯ ಪಾಸ್‌ಬುಕ್ಕು, ಆಧಾರ್, ಪ್ಯಾನ್, ಮೂರರಲ್ಲೂ ಅಪ್ಪನ ಹೆಸರು ಒಂದೇ ಥರ ಇದೆಯಾ ಅಂತ ಈಗಲೇ ನೋಡಿಕೋ. ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಸು.