ಮಳೆಗಾಲದ ಪ್ರಬಂಧದಲ್ಲಿ ಅಡಿಕೆ ತೋಟ: ಎಐ ಬರೆದದ್ದೆಂದು ಯಾವ ಆಧಾರದ ಮೇಲೆ ಹೇಳಬೇಕು?

ಕಾಗಿಣಾ ದಂಡೆ (ಕನ್ನಡ ಶಿಕ್ಷಕಿ, ಸೇಡಂ ತಾಲ್ಲೂಕು) ಕೇಳಿದ ಪ್ರಶ್ನೆ:

ಗುರುಬಳಗಕ್ಕೆ ಶರಣು. ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ವರ್ಷದ ನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನಕ್ಕೆಂದು ಒಂಬತ್ತನೇ ತರಗತಿಯ ಮಕ್ಕಳಿಗೆ ‘ನಮ್ಮೂರಿನ ಮಳೆಗಾಲ’ ಎಂಬ ಪ್ರಬಂಧವನ್ನು ಮನೆಯಲ್ಲಿ ಬರೆದು ತರಲು ಹೇಳಿದ್ದೆ. ಲಂಬಾಣಿ ತಾಂಡಾದಿಂದ ಬರುವ ಒಬ್ಬ ಹುಡುಗಿ ತಂದ ಎರಡು ಪುಟಗಳಲ್ಲಿ ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ. ಅಷ್ಟೇ ಆಗಿದ್ದರೆ ಸಂತೋಷಪಡುತ್ತಿದ್ದೆ. ಆದರೆ ಅದರಲ್ಲಿ ‘ಹಸಿರು ಸೀರೆಯುಟ್ಟ ಅಡಿಕೆ ತೋಟಗಳ ನಡುವೆ ಜಿಟಿಜಿಟಿ ಮಳೆ’ ಸುರಿಯುತ್ತಿತ್ತು. ಫರ್ಸಿ ಕಲ್ಲಿನ ಗಣಿಗಳೂ ಎರೆ ಹೊಲದ ತೊಗರಿಯೂ ಇರುವ ನಮ್ಮ ಸೀಮೆಯಲ್ಲಿ ಅಡಿಕೆಯನ್ನು ಮಕ್ಕಳು ಕಾಣುವುದು ಎಲೆಯ ತಟ್ಟೆಯಲ್ಲಿ ಮಾತ್ರ.

ನನ್ನ ಸಹೋದ್ಯೋಗಿಯೊಬ್ಬರು ಆ ಹಾಳೆಯ ಫೋಟೋ ತೆಗೆದು, ಎಐ ಬರಹವನ್ನು ಪತ್ತೆ ಹಚ್ಚುತ್ತೇವೆಂದು ಹೇಳಿಕೊಳ್ಳುವ ಜಾಲತಾಣವೊಂದಕ್ಕೆ ಹಾಕಿದರು. ಅದು ಶೇಕಡಾ ತೊಂಬತ್ತಕ್ಕೂ ಹೆಚ್ಚು ಭಾಗ ಯಂತ್ರದ್ದೇ ಎಂದಿತು. ಸೊನ್ನೆ ಅಂಕ ಕೊಟ್ಟು, ಪಾಲಕರನ್ನು ಕರೆಸಬೇಕೆಂಬುದು ಅವರ ಅಭಿಪ್ರಾಯ. ಹುಡುಗಿಯ ತಂದೆತಾಯಿ ಗುಳೆ ಹೋಗಿ ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ. ಮನೆಯಲ್ಲಿರುವುದು ಅಜ್ಜಿ ಮತ್ತು ಅಣ್ಣ.

ನನ್ನ ಕೈ ಕಟ್ಟಿರುವುದು ಇನ್ನೊಂದು ಸಂಗತಿ. ಅದೇ ವಾರ ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ನಾನೇ ಒಂದು ಎಐ ಆ್ಯಪ್‌ನಿಂದ ಮಾಡಿಸಿದ್ದೆ. ಯಾವ ಪಾಠಕ್ಕೆ ಎಷ್ಟು ಅಂಕ ಎಂಬ ನೀಲನಕ್ಷೆ ಕೊಟ್ಟ ಎರಡೇ ನಿಮಿಷದಲ್ಲಿ ಪತ್ರಿಕೆಯೂ ಮಾದರಿ ಉತ್ತರಗಳೂ ಬಂದವು. ಉತ್ತರದಲ್ಲಿ ‘ಕವಿರಾಜಮಾರ್ಗ’ದ ಕರ್ತೃ ಅಮೋಘವರ್ಷ ನೃಪತುಂಗ ಎಂದಿತ್ತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ನಮ್ಮ ತಾಲ್ಲೂಕಿನಲ್ಲಿಯೇ ಇರುವುದರಿಂದ ಕಣ್ಣು ಅಲ್ಲಿ ನಿಂತಿತು. ಅದನ್ನು ನಾನು ಶ್ರೀವಿಜಯ ಎಂದು ತಿದ್ದಿದೆ. ಪತ್ರಿಕೆ ಯಾರದೆಂದು ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಸಲ್ಲುವುದು ಆ ಹುಡುಗಿಗೆ ಏಕೆ ಸಲ್ಲಬಾರದು ಎಂಬುದಕ್ಕೆ ನನ್ನಲ್ಲಿ ನೇರ ಉತ್ತರವಿಲ್ಲ. ಅಂಕ ತುಂಬಲು ಇನ್ನೂ ಒಂದು ವಾರವಿದೆ.

ಮಾಂಜ್ರಾ ಮಾಸ್ತರ್ (ಅತಿಥಿ ಶಿಕ್ಷಕ, ಔರಾದ್ ತಾಲ್ಲೂಕು) ಅವರ ಉತ್ತರ:

ಅಕ್ಕೋರೇ, ಪ್ರಶ್ನೆಪತ್ರಿಕೆಯ ವಿಷಯದಲ್ಲಿ ನೀವು ಇಷ್ಟು ಅಳುಕಬೇಕಾಗಿಲ್ಲ ಎಂಬುದು ನನ್ನ ಭಾವನೆ. ಪ್ರಶ್ನೆಪತ್ರಿಕೆ ತಯಾರಿಸುವುದು ನೀವು ಕಲಿಯಬೇಕಾದ ಪಾಠವಲ್ಲ, ಅದು ನಿಮ್ಮ ಕೆಲಸ. ಪ್ರಬಂಧ ಬರೆಯುವುದು ಆ ಮಗು ಕಲಿಯಬೇಕಾದ ಪಾಠ. ಯಾವುದನ್ನು ಕಲಿಯಲೆಂದು ಕೊಟ್ಟಿದ್ದೇವೋ ಅದನ್ನೇ ಯಂತ್ರಕ್ಕೆ ಒಪ್ಪಿಸಿದರೆ ಕೊಟ್ಟದ್ದು ವ್ಯರ್ಥವಾಗುತ್ತದೆ. ಮೂರು ತರಗತಿಗಳಿಗೆ ಎರಡು ವಿಷಯ ಕಲಿಸುವ ನನ್ನಂಥವನಿಗೆ ಈ ಆ್ಯಪ್‌ಗಳು ಉಳಿಸಿಕೊಟ್ಟ ಸಂಜೆಗಳನ್ನು ನಾನು ಸುಳ್ಳು ಎನ್ನಲಾರೆ.

ಆದರೆ ನೋಡದೆ ಸಹಿ ಹಾಕಿದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಗಡಿಭಾಗದಲ್ಲಿ ಅನೇಕ ಪಾಲಕರು ಮರಾಠಿ ಓದುವವರು. ಮಕ್ಕಳ ಶಿಕ್ಷಣದ ಬಗ್ಗೆ ಚರ್ಚಿಸಲು ಸಭೆಗೆ ಬರಬೇಕೆಂಬ ಕನ್ನಡ ಸೂಚನೆಯನ್ನು ಒಂದು ಆ್ಯಪ್‌ನಲ್ಲಿ ಮರಾಠಿಗೆ ತಿರುಗಿಸಿ, ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದೆ. ಅದು ‘ಮುಲಾಂಚ್ಯಾ ಶಿಕ್ಷೇಸಾಠಿ ಸಭಾ’ ಎಂದು ಬರೆದಿತ್ತು. ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯೆ. ಮರಾಠಿಯಲ್ಲಿ, ನಮ್ಮ ಕನ್ನಡದಂತೆಯೇ, ದಂಡನೆ. ಮಕ್ಕಳಿಗೆ ಶಿಕ್ಷೆ ಕೊಡಲು ಸಭೆ ಕರೆದಿದ್ದಾರೆಂದು ತಿಳಿದು ಮರುದಿನ ಬೆಳಿಗ್ಗೆ ಎಂದೂ ಶಾಲೆಯ ಕಡೆ ಬಾರದಿದ್ದ ಪಾಲಕರೂ ಬಾಗಿಲಲ್ಲಿ ನಿಂತಿದ್ದರು. ಹಾಜರಾತಿ ಉತ್ತಮವಾಗಿತ್ತು, ಅದು ಬೇರೆ ಮಾತು.

ಕೋಟೆ ರಸ್ತೆ (ಶಿಕ್ಷಕರ ತರಬೇತಿಯಲ್ಲಿರುವವರು, ಕಲಬುರಗಿ) ಅವರ ಉತ್ತರ:

ಪತ್ತೆ ಹಚ್ಚುವ ಜಾಲತಾಣದ ಮಾತನ್ನು ದಯವಿಟ್ಟು ಸಾಕ್ಷಿಯಾಗಿ ಬಳಸಬೇಡಿ. ಅಂಥ ಸಾಧನಗಳಲ್ಲಿ ಹಲವು ಒಂದು ಪದದ ಮುಂದೆ ಯಾವ ಪದ ಬರುತ್ತದೆಂದು ಎಷ್ಟು ಸಲೀಸಾಗಿ ಊಹಿಸಬಹುದು ಎಂಬುದನ್ನು ಅಳೆಯುತ್ತವೆ; ಊಹೆಗೆ ಸುಲಭವಾಗಿ ಸಿಗುವ ಬರಹವನ್ನು ಯಂತ್ರದ್ದೆನ್ನುತ್ತವೆ. ಇನ್ನೊಂದು ಭಾಷೆಯ ಮನೆಯಿಂದ ಬಂದು ಶಾಲೆಯಲ್ಲಿ ಭಾಷೆ ಕಲಿಯುವ ಮಗು ಗೊತ್ತಿರುವ ಕೆಲವೇ ಪದಗಳನ್ನು, ಪಠ್ಯಪುಸ್ತಕದಲ್ಲಿ ಕಂಡ ವಾಕ್ಯಗಳನ್ನು ಬಳಸುತ್ತದೆಯಾದ್ದರಿಂದ ಅದರ ಬರಹವೂ ಊಹೆಗೆ ಸುಲಭವಾಗಿಯೇ ಸಿಗುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆಂದು ಬರೆದ 91 ಪ್ರಬಂಧಗಳನ್ನು ಇಂಥ ಏಳು ಸಾಧನಗಳಿಗೆ ಕೊಟ್ಟಾಗ, ಸರಾಸರಿ ಶೇ 61ರಷ್ಟನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವು; ಅಮೆರಿಕದ ಎಂಟನೇ ತರಗತಿಯ ಮಕ್ಕಳ ಪ್ರಬಂಧಗಳಲ್ಲಿ ಅಂಥ ತಪ್ಪು ತೀರಾ ಕಡಿಮೆಯಿತ್ತು. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಪತ್ತೆ ಸಾಧನವೊಂದನ್ನು ಹೊರತಂದಿತ್ತು. ಅದು ಎಐ ಬರೆದ ಇಂಗ್ಲಿಷ್ ಬರಹಗಳಲ್ಲಿ ಶೇ 26ರಷ್ಟನ್ನು ಮಾತ್ರ ಹಿಡಿಯುತ್ತಿತ್ತು, ಮನುಷ್ಯರು ಬರೆದವುಗಳಲ್ಲಿ ಶೇ 9ರಷ್ಟನ್ನು ಯಂತ್ರದ್ದೆನ್ನುತ್ತಿತ್ತು. ನಿಖರತೆ ಸಾಲದೆಂದು ಜುಲೈನಲ್ಲಿ ಅವರೇ ಹಿಂತೆಗೆದುಕೊಂಡರು. ಇದು ಇಂಗ್ಲಿಷಿನ ಪಾಡು. ಕೈಬರಹದ ಕನ್ನಡ ಹಾಳೆಯ ಫೋಟೋದಿಂದ ಅಕ್ಷರಗಳನ್ನು ಓದಿ, ಅನಂತರ ತೀರ್ಪು ಕೊಡುವ ಜಾಲತಾಣವನ್ನು ನಂಬಿ ಒಂದು ಮಗುವನ್ನು ಕಳ್ಳಿಯೆನ್ನಲು ನಾನಂತೂ ಒಪ್ಪಲಾರೆ.

ಇಲ್ಲಿ ಯಾರೂ ಎತ್ತದ ಇನ್ನೊಂದು ವಿಷಯವಿದೆ. ಆ ಫೋಟೋದಲ್ಲಿ ಹುಡುಗಿಯ ಹೆಸರು, ತರಗತಿ, ಶಾಲೆಯ ಹೆಸರು ಇದ್ದವೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಯನ್ನು ಸಂಸ್ಕರಿಸಲು ಪಾಲಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ತಪ್ಪು ಯಾರದೆಂದು ಹುಡುಕುವ ಅವಸರದಲ್ಲಿ ನಿಮ್ಮ ಸಹೋದ್ಯೋಗಿ ಕೇಳದೆಯೇ ಒಂದು ಮಗುವಿನ ಬರಹವನ್ನು ಗುರುತು ಪರಿಚಯವಿಲ್ಲದವರಿಗೆ ಒಪ್ಪಿಸಿದರು. ಅಂಕಪಟ್ಟಿಯನ್ನೋ ಎಸ್‌ಎಟಿಎಸ್ ಸಂಖ್ಯೆ (ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಇರುವ ಹಾಳೆಯನ್ನೋ ‘ಸರಾಸರಿ ತೆಗೆದುಕೊಡು’ ಎಂದು ಚಾಟ್‌ಬಾಟ್‌ಗೆ ಹಾಕುವ ಶಿಕ್ಷಕರನ್ನೂ ತರಬೇತಿಗಳಲ್ಲಿ ಕಾಣುತ್ತೇನೆ. ಹೆಸರು, ಸಂಖ್ಯೆ ತೆಗೆದು ಬರೀ ಅಂಕಗಳನ್ನು ಕೊಟ್ಟರೂ ಸರಾಸರಿ ಅದೇ ಬರುತ್ತದೆ.

ಹುಡುಗಿ ಆ್ಯಪ್ ಬಳಸಿದ್ದಾಳೆಂದೇ ಇಟ್ಟುಕೊಳ್ಳಿ. ಶಾಲೆಗಳಲ್ಲಿ ಇಂಥ ಸಾಧನಗಳ ಬಳಕೆಗೆ ಕನಿಷ್ಠ ವಯಸ್ಸು 13 ಇರಬೇಕೆಂದು ಯುನೆಸ್ಕೊ 2023ರ ಸೆಪ್ಟೆಂಬರ್‌ನ ಮಾರ್ಗದರ್ಶಿಯಲ್ಲಿ ಸೂಚಿಸಿದೆ. ಚಾಟ್‌ಜಿಪಿಟಿಯ ನಿಯಮಗಳಲ್ಲಿಯೂ 13ರಿಂದ 18ರವರೆಗೆ ಪಾಲಕರ ಒಪ್ಪಿಗೆ ಬೇಕೆಂದಿದೆ. ಇದನ್ನು ನಮ್ಮಲ್ಲಿ ಎಷ್ಟು ಶಾಲೆಗಳು ಮಕ್ಕಳಿಗೆ ಒಮ್ಮೆಯಾದರೂ ಹೇಳಿವೆ? ಹೇಳದ ನಿಯಮವನ್ನು ಮುರಿದದ್ದಕ್ಕೆ ಸೊನ್ನೆ ಕೊಡುವುದು ನ್ಯಾಯವಲ್ಲ.

ನಿವೃತ್ತ ಮುಖ್ಯಗುರು (ಯಾದಗಿರಿ) ಅವರ ಉತ್ತರ:

ಮೂವತ್ತು ವರ್ಷ ಮಕ್ಕಳ ಪ್ರಬಂಧಗಳನ್ನು ಓದಿದವನು ನಾನು. ಎಐ ಬರುವ ಮೊದಲೂ ಗೈಡ್‌ಗಳಿದ್ದವು; ಅವುಗಳಲ್ಲಿಯೂ ಅಡಿಕೆ ತೋಟವೇ ಇತ್ತು, ಕೋಗಿಲೆಯೂ ಕೂಗುತ್ತಿತ್ತು. ಭೀಮೆಯ ಪ್ರವಾಹದಲ್ಲಿ ಮನೆ ಕಳೆದುಕೊಂಡ ಹುಡುಗ ಮಳೆಯನ್ನು ‘ವರುಣನ ಕೃಪೆ’ ಎಂದು ಬರೆದದ್ದಕ್ಕೆ ನಾನೇ ಪೂರ್ಣ ಅಂಕ ಕೊಟ್ಟಿದ್ದೇನೆ, ಏಕೆಂದರೆ ಅಕ್ಷರ ದುಂಡಗಿದ್ದವು. ಯಂತ್ರ ಅಂಥದ್ದನ್ನು ಬರೆಯಲು ಕಲಿತದ್ದು ನಾವು ಮೆಚ್ಚಿದ ಬರಹಗಳಿಂದಲೇ ಇರಬೇಕು.

ತಂಗೀ, ಎರಡು ಮಾತು. ಅಡಿಕೆ ತೋಟ ಕಂಡಾಗಲೇ ನಿಮಗೆ ಗೊತ್ತಾಗಿತ್ತು, ಜಾಲತಾಣ ಬೇಕಾಗಿರಲಿಲ್ಲ. ಹಾಗೆ ಗೊತ್ತಾದ ಮೇಲೆ ಮಾಡಬೇಕಾದದ್ದು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಇದು ಎಲ್ಲಿಯ ತೋಟ ಮಗಳೇ’ ಎಂದು ಕೇಳುವುದು. ಮುಖ್ಯಗುರುಗಳ ಕೋಣೆಯಲ್ಲಿ ಅಲ್ಲ, ಬೇರೆ ಮಕ್ಕಳ ಮುಂದೆಯೂ ಅಲ್ಲ. ಇನ್ನೊಂದು, ಅಂಕಕ್ಕೆ ಎಣಿಸುವ ಪ್ರಬಂಧವನ್ನು ಮನೆಗೆ ಕಳುಹಿಸುವುದೇಕೆ? ಒಂದು ಅವಧಿ ಕೊಟ್ಟು ತರಗತಿಯಲ್ಲಿಯೇ ಬರೆಸಿರಿ. ನಾಳೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೋಣೆಯಲ್ಲಿ ಅಣ್ಣನ ಫೋನ್ ಇರುವುದಿಲ್ಲ.

ಕಾಗಿಣಾ ದಂಡೆ, ನಾಲ್ಕು ದಿನಗಳ ನಂತರ:

ಎಲ್ಲರಿಗೂ ಕೃತಜ್ಞತೆಗಳು. ಮಧ್ಯಾಹ್ನದ ಊಟದ ನಂತರ ಬೇವಿನ ಮರದ ಕೆಳಗೆ ಅವಳೊಡನೆ ಕುಳಿತೆ. ಕೇಳಿದೊಡನೆ ಹೇಳಿದಳು, ಮುಚ್ಚಿಡಲಿಲ್ಲ. ಅವಳು ಬಾಯಲ್ಲಿ ಹೇಳಿದ್ದನ್ನು ಅಣ್ಣ ಫೋನಿನಲ್ಲಿ ಹಾಕಿ ‘ಚೆನ್ನಾಗಿ ಬರೆದುಕೊಡು’ ಎಂದಿದ್ದಾನೆ. ಬಂದದ್ದನ್ನು ಇವಳು ಹಾಳೆಗೆ ಇಳಿಸಿದ್ದಾಳೆ. ತಪ್ಪಿಲ್ಲದ ಕನ್ನಡಕ್ಕೆ ಮಾತ್ರ ಅಂಕ ಸಿಗುತ್ತದೆಂದು ಅವಳು ತಿಳಿದಿದ್ದಳು. ಹಾಗೆ ತಿಳಿಯುವಂತೆ ಕೆಂಪು ಶಾಯಿಯ ಗೆರೆ ಎಳೆದವಳು ನಾನೇ.

ಅವಳು ಹೇಳಿದ್ದೇನೆಂದು ಕೇಳಿದೆ. ಮಳೆ ಬಿಡದೆ ಹಿಡಿದು ತೊಗರಿಗೆ ನೆಟೆ ರೋಗ ಬಿದ್ದದ್ದು, ಶಾಲೆಗೆ ಬರುವಾಗ ಎರೆ ಮಣ್ಣು ಮೆತ್ತಿ ಚಪ್ಪಲಿ ಕೈಗೆ ಬಂದದ್ದು, ಒಳಗೆ ನೀರು ಬಂದ ರಾತ್ರಿ ಅಜ್ಜಿ ಹಿಟ್ಟಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಮೇಲೆ ಕುಳಿತದ್ದು. ಇದನ್ನೆಲ್ಲ ತಿದ್ದಿ, ಫೋನು ಅಡಿಕೆ ತೋಟ ಮಾಡಿತ್ತು.

ಶುಕ್ರವಾರ ಇಡೀ ತರಗತಿಗೆ ಅದೇ ವಿಷಯವನ್ನು ನನ್ನ ಅವಧಿಯಲ್ಲಿಯೇ ಬರೆಸಿದೆ. ಅವಳದು ಒಂದೂಕಾಲು ಪುಟ, ಕಾಗುಣಿತದ ತಪ್ಪು ಹನ್ನೊಂದು. ‘ಯಾಡಿ’, ‘ಬಾಟಿ’ ಎಂಬ ಲಂಬಾಣಿ ಪದಗಳು ಬಂದಿವೆ. ಅವುಗಳನ್ನು ತಪ್ಪೆಂದು ಎಣಿಸದೆ, ತಾಯಿ, ರೊಟ್ಟಿ ಎಂದು ಅಂಚಿನಲ್ಲಿ ಅವಳಿಂದಲೇ ಅರ್ಥ ಬರೆಸಿ, ಆ ಹಾಳೆಗೆ ಅಂಕ ಕೊಟ್ಟಿದ್ದೇನೆ. ನನ್ನ ಪ್ರಶ್ನೆಪತ್ರಿಕೆಯ ಕಥೆಯನ್ನೂ ಮಕ್ಕಳಿಗೆ ಹೇಳಿದೆ. ಮಾಂಜ್ರಾ ಮಾಸ್ತರರ ವಾದ ಒಪ್ಪಿಗೆಯೇ. ಆದರೂ ಶ್ರೀವಿಜಯನ ಹೆಸರು ತಪ್ಪಿದ್ದನ್ನು ಕೇಳಿ ಹಿಂದಿನ ಬೆಂಚಿನವನೊಬ್ಬ ‘ನಿಮಗೆ ಎಷ್ಟು ಅಂಕ ಕಳೀಬೇಕ್ರಿ ಅಕ್ಕೋರೇ?’ ಎಂದು ಕೇಳಿದಾಗ ಆ ವಾದ ಬಾಯಿಗೆ ಬರಲಿಲ್ಲ.

ಹಾಳೆಯ ಮೇಲೆ ಅವಳ ಹೆಸರೂ ಶಾಲೆಯ ಹೆಸರೂ ಇದ್ದವು. ಸಹೋದ್ಯೋಗಿಗೆ ಇಲ್ಲಿಯ ಉತ್ತರಗಳನ್ನು ತೋರಿಸಿದೆ. ತಮ್ಮ ಖಾತೆಯಿಂದ ಫೋಟೋ ಅಳಿಸಿದರು. ಆ ಜಾಲತಾಣದವರ ಬಳಿಯೂ ಅದು ಅಳಿದಿದೆಯೇ ಎಂದು ತಿಳಿಯುವ ದಾರಿಯನ್ನು ಇಬ್ಬರೂ ಕುಳಿತು ಹುಡುಕಿದೆವು, ಸಿಗಲಿಲ್ಲ.