ಓದಿದ ಸುತ್ತೋಲೆಗಳೇ ಮತ್ತೆ ‘ಹೊಸದು’ ಎಂದು ಬರುತ್ತಿವೆ: ಆಕ್ಸೆಸ್‌ನಿಂದ ಬರೆಸುವ ಫೀಡ್

ಪ್ರಶ್ನೆ: ಮೇಡಂ, ಕಚೇರಿಯ ಸುತ್ತೋಲೆಗಳನ್ನು ಒಂದು ಆಕ್ಸೆಸ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ) ಟೇಬಲ್‌ನಲ್ಲಿ ಇಟ್ಟಿದ್ದೇವೆ. ವಾರಕ್ಕೊಮ್ಮೆ ಎಕ್ಸೆಲ್ ಹಾಳೆಯಿಂದ ಟೇಬಲ್ ತುಂಬಿಸಿ, ವಿಬಿಎ (ಆಕ್ಸೆಸ್‌ನೊಳಗಿನ ಪ್ರೋಗ್ರಾಂ ಭಾಷೆ) ಮಾಡ್ಯೂಲ್‌ನಿಂದ ಆರ್‌ಎಸ್‌ಎಸ್ ಫೈಲ್ (ಹೊಸದೇನು ಬಂದಿದೆ ಎಂದು ತಿಳಿಸುವ ಫೀಡ್) ಬರೆಸಿ ಸರ್ವರ್‌ಗೆ ಹಾಕುತ್ತೇವೆ. ಕೆಲವು ವಾರ ಫೀಡ್ ರೀಡರ್‌ನಲ್ಲಿ ಹಳೆಯ ನಲವತ್ತೂ ‘ಓದಿಲ್ಲ’ ಎಂದು ಎದ್ದು ನಿಲ್ಲುತ್ತವೆ. ಇನ್ನು ಕೆಲವು ವಾರ ಹೊಸದಾಗಿ ಸೇರಿಸಿದ್ದೇ ಕಾಣುವುದಿಲ್ಲ. ಫೈಲ್ ತೆರೆದು ನೋಡಿದರೆ ಅದರಲ್ಲಿ ಇರುತ್ತದೆ. ಎರಡು ಬೇರೆ ರೀಡರ್‌ಗಳಲ್ಲೂ ಇದೇ ಕಥೆ. ಫೀಡ್‌ನಲ್ಲಿ ಪ್ರತಿ ಐಟಂನ ಗುರುತಾದ ಜಿಯುಐಡಿ ಜಾಗಕ್ಕೆ ಟೇಬಲ್‌ನ ಆಟೋನಂಬರ್ (ಆಕ್ಸೆಸ್ ತಾನಾಗಿ ಕೊಡುವ ಕ್ರಮಸಂಖ್ಯೆ) ಹಾಕಿದ್ದೇವೆ.

ಉತ್ತರ: ಎರಡು ವಿಷಯ ಹೇಳಿ. ತುಂಬಿಸುವ ಮೊದಲು ಹಳೆಯ ಸಾಲುಗಳನ್ನೆಲ್ಲ ಅಳಿಸುತ್ತೀರಾ? ಫೈಲ್ → ಆಪ್ಷನ್ಸ್ → ಕರೆಂಟ್ ಡೇಟಾಬೇಸ್‌ನಲ್ಲಿ ‘ಕಂಪ್ಯಾಕ್ಟ್ ಆನ್ ಕ್ಲೋಸ್’ (ಮುಚ್ಚುವಾಗ ಫೈಲನ್ನು ಚಿಕ್ಕದಾಗಿಸುವುದು) ಟಿಕ್ ಆಗಿದೆಯೇ?

ಪ್ರಶ್ನೆ: ಎರಡೂ ಹೌದು. ಒಮ್ಮೊಮ್ಮೆ ಸಂಜೆಯೇ ಅಳಿಸಿ, ಫೈಲ್ ಮುಚ್ಚಿ, ಬೆಳಿಗ್ಗೆ ತುಂಬಿಸುತ್ತೇವೆ.

ಉತ್ತರ: ಹಾಗಾದರೆ ರೀಡರ್‌ಗಳದ್ದು ತಪ್ಪಿಲ್ಲ. ಅವು ಒಂದು ಐಟಂ ಹೊಸದೋ ಹಳೆಯದೋ ಎಂದು ತೀರ್ಮಾನಿಸುವುದು ಮುಖ್ಯವಾಗಿ ಜಿಯುಐಡಿ ನೋಡಿ, ಶೀರ್ಷಿಕೆ ನೋಡಿ ಅಲ್ಲ. ನಿಮ್ಮ ಸಂಖ್ಯೆಗಳು ಹೇಗೆ ಓಡಾಡುತ್ತಿವೆ ನೋಡಿ. ಮೊದಲ ವಾರ 1ರಿಂದ 40. ಎರಡನೇ ವಾರ ಅಳಿಸಿದ ಕೂಡಲೇ ತುಂಬಿಸಿದಿರಿ. ಅಳಿಸಿದರೂ ಆಟೋನಂಬರ್ ಹಿಂದಕ್ಕೆ ಹೋಗುವುದಿಲ್ಲ, ಹಾಗಾಗಿ ಈಗ 41ರಿಂದ 81. ರೀಡರ್‌ಗೆ ಇವೆಲ್ಲ ಕಂಡರಿಯದ ಸಂಖ್ಯೆಗಳು, ಎಲ್ಲವೂ ‘ಹೊಸದು’. ಮೂರನೇ ವಾರ ಸಂಜೆ ಅಳಿಸಿ ಮುಚ್ಚಿದಿರಿ. ಖಾಲಿ ಟೇಬಲ್ ಕಂಪ್ಯಾಕ್ಟ್ ಆದಾಗ ಎಣಿಕೆ ಮತ್ತೆ 1ಕ್ಕೆ ಬಂತು. ಬೆಳಿಗ್ಗೆ ತುಂಬಿಸಿದ್ದು 1ರಿಂದ 42, ಅಷ್ಟನ್ನೂ ರೀಡರ್ ಹಿಂದೆಯೇ ಕಂಡಿದೆ. ಹೊಸ ಸುತ್ತೋಲೆ ಹಳೆಯದರ ಹೆಸರಿನಲ್ಲಿ ಬಂದು ಸದ್ದಿಲ್ಲದೆ ಮುಳುಗಿತು.

ಆಟೋನಂಬರ್‌ನ ಕೆಲಸ ಟೇಬಲ್‌ನೊಳಗೆ ಸಾಲುಗಳನ್ನು ಬೇರ್ಪಡಿಸುವುದು, ಅಷ್ಟೇ. ಅದನ್ನು ಹೊರಗಿನವರಿಗೆ ಗುರುತಾಗಿ ಕೊಡಬಾರದು. ಸುತ್ತೋಲೆಗೆ ಕಚೇರಿಯೇ ಕೊಟ್ಟ ಸಂಖ್ಯೆ ಇದ್ದೇ ಇರುತ್ತದೆ. ಅದನ್ನು ವರ್ಷದೊಂದಿಗೆ ಸೇರಿಸಿ ಒಂದು ಶಾರ್ಟ್ ಟೆಕ್ಸ್ಟ್ ಫೀಲ್ಡ್‌ನಲ್ಲಿ ಇಡಿ, ಇಂಡೆಕ್ಸ್‌ಗೆ ‘ಯೆಸ್ (ನೋ ಡೂಪ್ಲಿಕೇಟ್ಸ್)’ ಕೊಡಿ, ಜಿಯುಐಡಿಗೆ ಅದನ್ನೇ ಬರೆಸಿ. ಜೊತೆಗೆ ‘ಈಸ್‌ಪರ್ಮಾಲಿಂಕ್’ ಗುಣಕ್ಕೆ ಫಾಲ್ಸ್ ಎಂದು ಹಾಕಲೇಬೇಕು. ಏನೂ ಹಾಕದಿದ್ದರೆ ಟ್ರೂ ಎಂದೇ ಅರ್ಥ. ಕೆಲವು ರೀಡರ್‌ಗಳು ನಿಮ್ಮ ಸಂಖ್ಯೆಯನ್ನು ವಿಳಾಸವೆಂದು ತಿಳಿದು ಕ್ಲಿಕ್ ಮಾಡಿದವರನ್ನು ಎಲ್ಲಿಗೋ ಕಳಿಸುತ್ತವೆ.

ಇನ್ನು ಅಳಿಸಿ ತುಂಬಿಸುವ ಪದ್ಧತಿ ಬಿಡಿ. ಎಕ್ಸೆಲ್ ಹಾಳೆಯನ್ನು ಬೇರೊಂದು ತಾತ್ಕಾಲಿಕ ಟೇಬಲ್‌ಗೆ ತನ್ನಿ. ಸುತ್ತೋಲೆ ಸಂಖ್ಯೆಯ ಮೇಲೆ ಜಾಯಿನ್ ಮಾಡಿದ ಅಪ್‌ಡೇಟ್ ಕ್ವೆರಿ ಇದ್ದವುಗಳನ್ನು ತಿದ್ದಲಿ. ಆಮೇಲೆ ಲೆಫ್ಟ್ ಜಾಯಿನ್‌ನಲ್ಲಿ ಮುಖ್ಯ ಟೇಬಲ್‌ನ ಸಂಖ್ಯೆ ‘ಈಸ್ ನಲ್’ (ಅಂದರೆ ಅಲ್ಲಿ ಇನ್ನೂ ಇಲ್ಲ) ಇರುವವನ್ನು ಮಾತ್ರ ಅಪೆಂಡ್ ಕ್ವೆರಿ ಸೇರಿಸಲಿ. ಎಕ್ಸೆಲ್‌ನಲ್ಲಿ ಆ ಕಾಲಂ ಅನ್ನು ಟೈಪ್ ಮಾಡುವ ಮೊದಲೇ ಟೆಕ್ಸ್ಟ್ ಮಾಡಿಡಿ, ಇಲ್ಲದಿದ್ದರೆ 3/24 ಎಂಬ ಸುತ್ತೋಲೆ ಸಂಖ್ಯೆ ತಾರೀಕಾಗಿ ಕೂರುತ್ತದೆ. ಹಿಂದುಮುಂದಿನ ಖಾಲಿ ಜಾಗಕ್ಕೆ ಟ್ರಿಮ್ ಹಾಕಿ.

ಜಿಯುಐಡಿ ಬದಲಿಸಿದ ದಿನ ಎಲ್ಲವೂ ಕೊನೆಯ ಸಲ ‘ಹೊಸದು’ ಆಗುತ್ತವೆ. ಅದು ಬೇಡವೆಂದರೆ ಅಂದಿನಿಂದ ಫೈಲ್‌ಗೆ ಆ ದಿನದಿಂದೀಚಿನ ಸುತ್ತೋಲೆಗಳನ್ನು ಮಾತ್ರ ಬರೆಸಿ.

ಇನ್ನೊಬ್ಬರು: ಸುತ್ತೋಲೆಯ ಲಿಂಕನ್ನೇ ಜಿಯುಐಡಿ ಮಾಡಿದರೆ ಸುಲಭವಲ್ಲವೇ ಮೇಡಂ?

ಉತ್ತರ: ಲಿಂಕ್ ಬದಲಾಗದಿರುವ ತನಕ ಸುಲಭ. ಎಚ್‌ಟಿಟಿಪಿ ಹೋಗಿ ಎಚ್‌ಟಿಟಿಪಿಎಸ್ ಬಂದ ದಿನ, ಫೋಲ್ಡರ್ ಹೆಸರು ತಿದ್ದಿದ ದಿನ ಮತ್ತೆ ಇದೇ ಗೋಳು. ಒಂದೇ ಅಕ್ಷರ ಹೆಚ್ಚಾದರೂ ರೀಡರ್‌ಗೆ ಅದು ಬೇರೆ ಐಟಂ.

ಮತ್ತೊಂದು ಪ್ರಶ್ನೆ: ನಮ್ಮದೂ ಇಂಥದೇ ವ್ಯವಸ್ಥೆ. ಟೇಬಲ್‌ನಲ್ಲಿ ಕನ್ನಡ ಸರಿಯಾಗಿದೆ, ಫೀಡ್‌ನಲ್ಲಿ ಬರೀ ????. ತಾರೀಕಿನ ಕ್ರಮವೂ ಅಸ್ತವ್ಯಸ್ತ.

ಉತ್ತರ: ಫೈಲನ್ನು ‘ಪ್ರಿಂಟ್ #’ನಿಂದ ಬರೆಸುತ್ತಿದ್ದೀರಿ ಅಲ್ಲವೇ? ಅದು ಅಕ್ಷರಗಳನ್ನು ವಿಂಡೋಸ್‌ನ ಹಳೆಯ ಕೋಡ್‌ಪೇಜ್‌ಗೆ ಇಳಿಸಿ ಬರೆಯುತ್ತದೆ. ಅಲ್ಲಿ ಕನ್ನಡಕ್ಕೆ ಜಾಗವಿಲ್ಲ, ಜಾಗವಿಲ್ಲದ್ದೆಲ್ಲ ಪ್ರಶ್ನಾರ್ಥಕ. ಅದರ ಬದಲು ಎಡಿಒಡಿಬಿ ಸ್ಟ್ರೀಮ್ (ಫೈಲ್ ಬರೆಯುವ ಇನ್ನೊಂದು ಸಾಧನ) ಬಳಸಿ: ಟೈಪ್ 2, ಚಾರ್‌ಸೆಟ್ ಯುಟಿಎಫ್-8, ರೈಟ್‌ಟೆಕ್ಸ್ಟ್, ಸೇವ್‌ಟುಫೈಲ್‌ಗೆ 2. ಫೈಲ್‌ನ ತಲೆಯಲ್ಲಿ ಬಿಒಎಂ ಎಂಬ 3 ಬೈಟ್ ಸೇರುತ್ತದೆ. ಅದನ್ನು ಸಾಮಾನ್ಯವಾಗಿ ರೀಡರ್‌ಗಳು ಸಹಿಸುತ್ತವೆ. ಎಕ್ಸ್‌ಎಂಎಲ್ ಘೋಷಣೆಗಿಂತ ಮೇಲೆ ಒಂದು ಖಾಲಿ ಸಾಲು ಉಳಿದರೆ ಮಾತ್ರ ಇಡೀ ಫೀಡ್ ತಿರಸ್ಕೃತ. ಮಾಡ್ಯೂಲ್‌ನೊಳಗೆ ಕನ್ನಡ ಪದ ಟೈಪ್ ಮಾಡಲು ಹೋಗಬೇಡಿ, ವಿಬಿಎ ಎಡಿಟರ್ ಅಲ್ಲಿಯೂ ???? ಮಾಡುತ್ತದೆ, ಫೀಡ್‌ನ ಹೆಸರನ್ನು ಒಂದು ಸಣ್ಣ ಟೇಬಲ್‌ನಲ್ಲಿಟ್ಟು ಡಿಲುಕಪ್‌ನಿಂದ ಓದಿಸಿ. ಪಠ್ಯದಲ್ಲಿ & ಮತ್ತು < ಇದ್ದರೆ ರಿಪ್ಲೇಸ್ ಮಾಡಿಸುವಾಗ ಮೊದಲು & ಸರಿಪಡಿಸಿ, ಆಮೇಲೆ <. ಕ್ರಮ ತಪ್ಪಿದರೆ ತಿದ್ದಿದ್ದನ್ನೇ ಮತ್ತೆ ತಿದ್ದಿ ಕೆಡಿಸುತ್ತದೆ.

ತಾರೀಕಿನದು ಬೇರೆ ಕಾರಣ. ‘ಫಾರ್ಮ್ಯಾಟ್’ ಫಂಕ್ಷನ್ ತಿಂಗಳ ಹೆಸರನ್ನು ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್‌ನಿಂದ ತೆಗೆದುಕೊಳ್ಳುತ್ತದೆ. ಅಲ್ಲಿ ಕನ್ನಡ ಆರಿಸಿದ್ದರೆ ಫೀಡ್‌ನ ತಾರೀಕಿನ ಜಾಗವಾದ ಪಬ್‌ಡೇಟ್‌ನಲ್ಲಿ ‘ಏಪ್ರಿಲ್’ ಎಂದು ಕನ್ನಡದಲ್ಲೇ ಹೋಗುತ್ತದೆ. ಆರ್‌ಎಸ್‌ಎಸ್‌ಗೆ ಬೇಕಿರುವುದು ಇಂಗ್ಲಿಷಿನ ಮೂರಕ್ಷರದ ತಿಂಗಳು. ಅರ್ಥವಾಗದ ತಾರೀಕು ಸಿಕ್ಕಾಗ ಹಲವು ರೀಡರ್‌ಗಳು ತಾವು ಫೈಲ್ ತಂದ ಹೊತ್ತನ್ನೇ ಹಾಕಿಬಿಡುತ್ತವೆ. ಹನ್ನೆರಡು ತಿಂಗಳ ಹೆಸರನ್ನು ‘ಚೂಸ್’ ಫಂಕ್ಷನ್‌ನಲ್ಲಿ ನೀವೇ ಕೊಡಿ. ವಾರದ ಹೆಸರು ಕಡ್ಡಾಯವಲ್ಲ, ಬಿಟ್ಟುಬಿಡಿ.

ಅದೇ ಪ್ರಶ್ನೆಯವರು: ಅದು ಸರಿಯಾಯಿತು. ಆದರೆ ‘ಈ ತಾರೀಕಿನ ನಂತರದವು’ ಎಂದು ಕೋಡ್‌ನಿಂದ ಸೋಸಿದರೆ ತಿಂಗಳ ಮೊದಲ ಭಾಗದಲ್ಲಿ ಮಾತ್ರ ತಪ್ಪು ಬರುತ್ತಿದೆ. ಕ್ವೆರಿ ಗ್ರಿಡ್‌ನಲ್ಲಿ ಅದೇ ತಾರೀಕು ಕೊಟ್ಟರೆ ಸರಿ!

ಉತ್ತರ: ಗ್ರಿಡ್ ನಿಮ್ಮ ವಿಂಡೋಸ್ ಕ್ರಮ ಪಾಲಿಸುತ್ತದೆ. ಎಸ್‌ಕ್ಯೂಎಲ್‌ನಲ್ಲಿ # ನಡುವಿನ ತಾರೀಕನ್ನು ಆಕ್ಸೆಸ್ ತಿಂಗಳು-ದಿನ ಎಂದು ಓದುತ್ತದೆ. #05/04/2024# ಎಂದರೆ ಅದಕ್ಕೆ ಮೇ 4. 13ರಿಂದ ಮುಂದೆ ತಿಂಗಳು ಎನಿಸಿಕೊಳ್ಳಲಾಗದು, ಆಗ ದೂರಿಲ್ಲದೆ ತಿರುಗಿಸಿ ಸರಿಯಾಗಿ ಓದುತ್ತದೆ. ಈ ‘ಉಪಕಾರ’ದಿಂದಲೇ ತಪ್ಪು ಬೇಗ ಸಿಗುವುದಿಲ್ಲ. ಕೋಡ್‌ನಲ್ಲಿ ಯಾವಾಗಲೂ ವರ್ಷ-ತಿಂಗಳು-ದಿನ ಕ್ರಮ ಕಟ್ಟಿ: #2024-04-05#. ಪರೀಕ್ಷೆಗೆ 12ರೊಳಗಿನ ದಿನ ಆರಿಸಿ, 5/5ನಂಥದ್ದು ಬೇಡ.

ಇನ್ನೊಬ್ಬರು: ಸುತ್ತೋಲೆಯ ಪಠ್ಯ 255 ಅಕ್ಷರಕ್ಕೆ ಕತ್ತರಿಸಿ ಬರುತ್ತಿದೆ. ಫೀಲ್ಡ್ ಲಾಂಗ್ ಟೆಕ್ಸ್ಟೇ ಇದೆ.

ಉತ್ತರ: ಕ್ವೆರಿಯಲ್ಲಿ ಡಿಸ್ಟಿಂಕ್ಟ್, ಗ್ರೂಪ್ ಬೈ ಅಥವಾ ಯೂನಿಯನ್ ಇರಬೇಕು. ಸಾಲುಗಳನ್ನು ಹೋಲಿಸಬೇಕಾದಾಗ ಆಕ್ಸೆಸ್ ಲಾಂಗ್ ಟೆಕ್ಸ್ಟನ್ನು 255ಕ್ಕೆ ಮೊಟಕು ಮಾಡುತ್ತದೆ. ಯೂನಿಯನ್ ಬದಲು ಯೂನಿಯನ್ ಆಲ್. ಟೋಟಲ್ಸ್ ಸಾಲಿನಲ್ಲಿ ಗ್ರೂಪ್ ಬೈ ಬದಲು ಫಸ್ಟ್.