ಜೋಜಿ ಲಾ ದಾರಿಗೆ ಹತ್ತು ಚಕ್ರದ ಲಾರಿ: ಹಿಮದ ಚೈನು ಯಾವ ಚಕ್ರಕ್ಕೆ, ಯಾವಾಗ?

ಪ್ರಶ್ನೆ: ಲಾರಿ ಮಾಲೀಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು 295/90 ಆರ್ 20 ಅಳತೆಯ ಟೈರುಗಳಿರುವ ಹತ್ತು ಚಕ್ರದ ಲಾರಿ. ನವೆಂಬರ್ ಕೊನೆಯಲ್ಲಿ ಯಂತ್ರದ ಬಿಡಿಭಾಗಗಳನ್ನು ಹೇರಿಕೊಂಡು ಶ್ರೀನಗರದ ಮೂಲಕ ಕಾರ್ಗಿಲ್‌ಗೆ ಹೋಗಬೇಕಾಗಿದೆ. ನಮ್ಮ ಚಾಲಕರು ಮಳೆಗಾಲದ ಶಿರಾಡಿ ಘಾಟಿಯನ್ನು ನೂರಾರು ಸಲ ಹತ್ತಿ ಇಳಿದವರಾದರೂ ಹಿಮದ ಮೇಲೆ ಒಮ್ಮೆಯೂ ಗಾಡಿ ಓಡಿಸಿದವರಲ್ಲ. ಹಿಮ ಬಿದ್ದ ದಿನಗಳಲ್ಲಿ ಚೈನು (ಜಾರದಂತೆ ಟೈರಿಗೆ ಸುತ್ತುವ ಸರಪಳಿ) ಇಲ್ಲದ ವಾಹನಗಳನ್ನು ಆ ದಾರಿಯ ಎತ್ತರದ ಕಣಿವೆ ಜೋಜಿ ಲಾ ಹತ್ತಲು ಬಿಡುವುದಿಲ್ಲವೆಂದು ತಿಳಿದು ಒಂದು ಜೊತೆ ಚೈನು ಕೊಂಡಿದ್ದೇನೆ. ಹಿಂದಿನ ಎಂಟು ಚಕ್ರಗಳಲ್ಲಿ ಯಾವುದಕ್ಕೆ ಹಾಕಬೇಕು? ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎನ್ನುತ್ತಾರೆ, ಅದು ನಿಜವೇ?

ಉತ್ತರ 1: ನಿವೃತ್ತ ಸೇನಾ ಚಾಲಕ, ಕೊಡಗು

ಮೊದಲು ಲಾರಿಯ ಕೆಳಗೆ ಬಗ್ಗಿ ನೋಡಿ. ಹತ್ತು ಚಕ್ರದ ಎಷ್ಟೋ ಲಾರಿಗಳಲ್ಲಿ ಹಿಂದಿನ ಎರಡು ಆಕ್ಸಲ್‌ಗಳ (ಚಕ್ರಗಳ ಅಚ್ಚು) ಪೈಕಿ ಒಂದಕ್ಕೆ ಮಾತ್ರ ಎಂಜಿನ್ನಿನ ಶಕ್ತಿ ಹೋಗುತ್ತದೆ, ಇನ್ನೊಂದು ಭಾರ ಹೊರುವುದಕ್ಕಷ್ಟೇ ಇರುವ ಡಮ್ಮಿ. ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ತರುವ ಉದ್ದ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಬಂದು ಸೇರುವ ಆಕ್ಸಲ್‌ನ ಎರಡೂ ಬದಿಗಳ ಹೊರಟೈರಿಗೆ ಚೈನು ಬೀಳಬೇಕು. ಡಮ್ಮಿಗೆ ಹಾಕಿದರೆ ಏರಿನಲ್ಲಿ ಶಕ್ತಿ ಹೋಗುವ ಚಕ್ರ ನಿಂತಲ್ಲೇ ತಿರುಗುತ್ತದೆ, ಚೈನು ಮಾತ್ರ ಸುಮ್ಮನೆ ಅಲಂಕಾರಕ್ಕಿರುತ್ತದೆ.

ಚೈನನ್ನು ಏರು ಶುರುವಾಗುವ ಮೊದಲೇ ಹಾಕಬೇಕು. ಗಾಡಿ ಜಾರಿ ನಿಂತ ಮೇಲೆ, ಇಳಿಜಾರಿನಲ್ಲಿ, ಹಿಂದೆ ಸಾಲುಗಟ್ಟಿದ ವಾಹನಗಳ ನಡುವೆ ಕುಳಿತು ಕಟ್ಟುವ ಕೆಲಸ ಅದಲ್ಲ. ಸಮತಟ್ಟಾದ ಜಾಗದಲ್ಲಿ, ದಾರಿಯಿಂದ ಪೂರ್ತಿ ಬದಿಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚೈನು ಹಾಕದ ಚಕ್ರಗಳಿಗೆ ಮರದ ಅಡ್ಡ ಇಟ್ಟ ನಂತರವೇ ಕೈ ಹಾಕಲಿ. ಚೈನನ್ನು ನೆಲದ ಮೇಲೆ ಹರಡಿ, ತಿರುಚಿಕೊಂಡ ಕೊಂಡಿಗಳನ್ನು ಬಿಡಿಸಿ, ಅಡ್ಡಸರಪಳಿಯ ಕೊಕ್ಕೆಗಳ ಚೂಪು ತುದಿ ಹೊರಕ್ಕೆ ಇರುವಂತೆ ಟೈರಿನ ಮೇಲೆ ಹೊದಿಸಬೇಕು. ತುದಿ ಒಳಕ್ಕೆ ತಿರುಗಿದರೆ ಅದು ಟೈರನ್ನೇ ಕೊಯ್ಯುತ್ತದೆ. ಮೊದಲು ಒಳಬದಿಯ ಕೊಂಡಿ, ಆಮೇಲೆ ಹೊರಬದಿಯದು. ಉಳಿದ ಬಾಲವನ್ನು ತಂತಿಯಿಂದ ಬಿಗಿಯಾಗಿ ಕಟ್ಟಿ, ಇಲ್ಲವಾದರೆ ಅದು ತಿರುಗುವಾಗ ಬ್ರೇಕಿನ ಗಾಳಿ ಕೊಳವೆಗೆ ಬಡಿಯಬಹುದು. ಕೆಲವು ನೂರು ಮೀಟರ್ ಮೆಲ್ಲಗೆ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿಗೊಳಿಸಲೇಬೇಕು. ಮೊದಲ ಸಲ ಎಷ್ಟೇ ಎಳೆದು ಕಟ್ಟಿದರೂ ಅದು ಸಡಿಲವಾಗಿಯೇ ಆಗುತ್ತದೆ.

ಗಾಳಿಯನ್ನು ಇಳಿಸಬೇಡಿ. ಭಾರ ಹೊತ್ತ ಟೈರು ಚಪ್ಪಟೆಯಾದರೆ ಚೈನು ಸಡಿಲಗೊಂಡು ಪಕ್ಕಕ್ಕೆ ಸರಿಯುತ್ತದೆ.

ಉತ್ತರ 2: ಸರಕು ಸಾಗಣೆ ಮೇಲ್ವಿಚಾರಕ, ಬೆಂಗಳೂರು

ಮೇಲಿನವರು ಬರೆದದ್ದು ಸರಿ. ಇಳಿಯುವ ವಿಚಾರವನ್ನಷ್ಟೇ ಸೇರಿಸುತ್ತೇನೆ, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಅಪಾಯವಿರುವುದು ಅಲ್ಲಿಯೇ. ಹಿಂದಿನ ಚಕ್ರಗಳಿಗೆ ಮಾತ್ರ ಚೈನು ಇರುವಾಗ ಸ್ಟಿಯರಿಂಗ್ ಚಕ್ರಗಳಿಗೆ ಹಿಡಿತ ಇರುವುದಿಲ್ಲ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಲಾರಿ ನೇರವಾಗಿಯೇ ಜಾರುತ್ತದೆ. ಆದ್ದರಿಂದ ಇಳಿಜಾರಿಗೆ ಮೊದಲೇ ಕೆಳಗಿನ ಗೇರಿಗೆ ಬಂದು, ತಿರುವಿಗೆ ಮುಂಚೆ ವೇಗ ತಗ್ಗಿಸಿ, ತಿರುವಿನಲ್ಲಿ ಬ್ರೇಕನ್ನು ಮುಟ್ಟದೆ ಹೋಗಬೇಕು. ಚೈನಿದ್ದಾಗ ಸಮತಟ್ಟು ರಸ್ತೆಯಲ್ಲೂ ಗಂಟೆಗೆ 50 ಕಿಲೋಮೀಟರ್ ದಾಟಬಾರದು, ಘಾಟಿಯಲ್ಲಂತೂ ಅದರ ಅರ್ಧವೂ ಹೆಚ್ಚೇ. ಮಧ್ಯಾಹ್ನ ಕರಗಿದ ನೀರು ಸಂಜೆಗೆ ಗಾಜಿನಂತೆ ಹೆಪ್ಪುಗಟ್ಟುವುದರಿಂದ ಹೊತ್ತು ಇಳಿಯುವ ಮೊದಲೇ ಕಣಿವೆ ದಾಟಿರುವುದು ಒಳ್ಳೆಯದು. ಹಿಮವಿಲ್ಲದ ಡಾಂಬರು ಸಿಕ್ಕೊಡನೆ ಚೈನು ಬಿಚ್ಚಿಸಿ, ಇಲ್ಲವಾದರೆ ಅಡ್ಡಸರಪಳಿಗಳು ಸವೆದು ತುಂಡಾಗುತ್ತವೆ.

2025ರ ಜನವರಿಯಲ್ಲಿ ತೆರೆದ ಸುರಂಗದಿಂದಾಗಿ ಸೋನಮರ್ಗ್‌ವರೆಗಿನ ದಾರಿ ಸುಲಭವಾಗಿದೆ. ಆದರೆ ಸುಮಾರು 3,500 ಮೀಟರ್ ಎತ್ತರದ ಜೋಜಿ ಲಾ ಆಮೇಲೆಯೇ ಬರುತ್ತದೆ. ಹೊರಡುವ ಬೆಳಿಗ್ಗೆ ಸಂಚಾರ ಪೊಲೀಸರ ಪ್ರಕಟಣೆ ನೋಡಿಕೊಳ್ಳಿ, ಭಾರೀ ವಾಹನಗಳನ್ನು ಹಲವು ದಿನ ಒಂದೇ ದಿಕ್ಕಿನಲ್ಲಿ ಬಿಡುತ್ತಾರೆ. ಚೈನು ಕಟ್ಟುವುದನ್ನು ಊರಿನಲ್ಲೇ ಎರಡು ಮೂರು ಸಲ ಅಭ್ಯಾಸ ಮಾಡಿಸಿ.

ಪ್ರಶ್ನೆ ಕೇಳಿದವರ ಮರುಬರಹ

ಇಬ್ಬರಿಗೂ ಕೃತಜ್ಞತೆಗಳು. ಇಂದು ಶೆಡ್ಡಿನ ಅಂಗಳದಲ್ಲಿ ಚಾಲಕರಿಂದ ಹಾಕಿಸಿ ನೋಡಿದೆ. ಮೊದಲ ಸಲಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಕೊನೆಗೆ ಒಳಬದಿಯ ಕೊಂಡಿ ಒಂದು ಗೇಣಿನಷ್ಟು ದೂರ ಉಳಿದುಬಿಟ್ಟಿತು. ಅಂಗಡಿಯವರು ಕೊಟ್ಟದ್ದು ಚಿಕ್ಕ ಟೈರಿನ ಚೈನು. ನಾಳೆ ಬದಲಾಯಿಸಲು ಹೋಗುವಾಗ ಟೈರಿನ ಮೇಲಿನ ಬರಹದ ಚಿತ್ರ ತೆಗೆದುಕೊಂಡು ಹೋಗುತ್ತೇನೆ.